ಯಾರೂ ಹಿಡಿಯದ ಕೋಲು

ನನಗೆ ನಿಜವಾದ ಹೊಟ್ಟೆಕಿಚ್ಚು ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ತಂಗಿಯ ಸೀರೆ, ಓರಗಿತ್ತಿಯ ಮನೆ ಇಂಥವುಗಳ ಮೇಲೆ ಸಣ್ಣಪುಟ್ಟ ಅಸೂಯೆ ಬಂದದ್ದುಂಟು. ಅವು ಎರಡು ದಿನ ಇದ್ದು ತಾವೇ ಆರಿಹೋಗುತ್ತಿದ್ದವು. ಇದು ಹಾಗಲ್ಲ. ಇದು ನನ್ನ ಜೊತೆ ಬಸ್ಸು ಹತ್ತುತ್ತಿತ್ತು, ತರಗತಿಗೆ ಬರುತ್ತಿತ್ತು, ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಬಂದು ಕೂರುತ್ತಿತ್ತು. ಅದಕ್ಕೆ ಕಾರಣ ಮಾನ್ವಿಯ ಒಬ್ಬ ಹುಡುಗಿ, ಮತ್ತು ಆಕೆ ಒಂದು ಗ್ಯಾಲಕ್ಸಿಯ ಫೋಟೋ ನೋಡಿ ಕೇಳಿದ ಒಂದು ಪ್ರಶ್ನೆ.

ನಾನು ದೇವದುರ್ಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ರಾಯಚೂರಿನಲ್ಲಿ. ಯಜಮಾನರು ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ಟರ್ಬೈನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ದಿನವೂ ಬಸ್ಸಿನಲ್ಲಿ ಹೋಗಿ ಬರುವ ನನಗೆ ಜಿಲ್ಲೆಯ ಮಾಸ್ತರುಗಳ ನಡುವೆ ಒಂದು ಅಡ್ಡಹೆಸರಿತ್ತು: ಚುಕ್ಕಿ ಅಕ್ಕೋರು, ಅಂದರೆ ನಕ್ಷತ್ರಗಳ ಟೀಚರು. ಆಕಾಶದ ಪಾಠ ಅಂದರೆ ನಾನು. ಗ್ರಹಣ ಬಂದರೆ ನನಗೆ ಫೋನು. ಯಾವುದಾದರೂ ಶಾಲೆಗೆ ದೂರದರ್ಶಕ ಬಂದರೆ ಅದರ ಕಾಲು ಜೋಡಿಸಲು ನಾನು. ಆ ಹೆಸರನ್ನು ಯಾರಾದರೂ ಕರೆದಾಗ ನಾನು ಬೇಕಂತಲೇ ಸ್ವಲ್ಪ ತಡವಾಗಿ ತಿರುಗಿ ನೋಡುತ್ತಿದ್ದೆ, ಇನ್ನೊಮ್ಮೆ ಕರೆಯಲಿ ಎಂದು.

ಆ ದಿನ ರಾಯಚೂರಿನಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ ಇತ್ತು. ಮಧ್ಯಾಹ್ನ ಊಟದ ಮುಂಚಿನ ಅವಧಿ ನನ್ನದು. ಪ್ರತಿ ವರ್ಷ ತೋರಿಸುತ್ತಿದ್ದ ಸುರುಳಿ ಗ್ಯಾಲಕ್ಸಿಯ ಚಿತ್ರವನ್ನೇ ಪರದೆಯ ಮೇಲೆ ಹಾಕಿದೆ. ನಡುವೆ ಹೊಳೆಯುವ ಗುಡ್ಡೆ, ಅದರ ಸುತ್ತ ಎರಡು ತೋಳು. "ನಡುವಿನಿಂದ ತೋಳುಗಳು ಹೊರಟು ಚಕ್ಕುಲಿಯ ಹಾಗೆ ಸುತ್ತಿಕೊಂಡಿರುತ್ತವೆ, ಎಲ್ಲ ನಕ್ಷತ್ರಗಳೂ ದುಂಡಗೆ ತಿರುಗುತ್ತವೆ" ಎಂದು ನನ್ನ ಎಂದಿನ ಮಾತು ಹೇಳಿದೆ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಇಪ್ಪತ್ತೆಂಟರ ಹುಡುಗಿ, ತಲೆಯ ಮೇಲೆ ತಿಳಿಹಸಿರು ದುಪಟ್ಟಾ. ಮಾನ್ವಿಯ ಹೈಸ್ಕೂಲಿಗೆ ಗಣಿತ, ವಿಜ್ಞಾನ ಕಲಿಸಲು ಆ ವರ್ಷ ಸೇರಿದವಳು.

"ಅಕ್ಕೋರ, ಒಂದು ಕೇಳ್ಲೇನ್ರಿ? ಈ ಚಿತ್ರದಾಗ ತೋಳು ನಡುವಿನಿಂದ ಹೊಂಟಿಲ್ಲಲ್ಲರಿ. ನಡುವಿನಾಗ ಒಂದು ಉದ್ದನ ಕೋಲಿನಂಗ ಅದ. ತೋಳು ಆ ಕೋಲಿನ ತುದೀಲಿಂದ ಹೊಂಟಾವ. ಅದೇನ್ರಿ ಆ ಕೋಲು?"

ನಾನು ತಿರುಗಿ ಪರದೆ ನೋಡಿದೆ. ಕೋಲು ಇತ್ತು. ನಡುವಿನ ಗುಡ್ಡೆಯನ್ನು ದಾಟಿ ಆ ಕಡೆಯಿಂದ ಈ ಕಡೆಗೆ ನೆಟ್ಟಗೆ ಹಾದಿತ್ತು. ಅದರ ಎರಡು ತುದಿಯಲ್ಲಿ ತೋಳುಗಳು ಸರಕ್ಕನೆ ಬಾಗಿದ್ದವು. ಹನ್ನೊಂದು ವರ್ಷ ಅದೇ ಚಿತ್ರ ತೋರಿಸಿದ್ದೆ. ಒಮ್ಮೆಯೂ ಕಂಡಿರಲಿಲ್ಲ.

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಅದರ ಬದಲು, "ಅದು ಫೋಟೋದಾಗಿನ ಬೆಳಕಿನ ದೋಷವ್ವಾ. ಕ್ಯಾಮೆರಾ ಬಗ್ಗಿ ಪಾಠ ಬ್ಯಾರೆ ಅವಧಿಗೆ ಇಟ್ಕೊಳ್ಳೋಣ" ಅಂದೆ. ಎಲ್ಲರೂ ನಕ್ಕರು. ಆಕೆ ಕೈ ಇಳಿಸಿ ಕೂತಳು. ನಗಲಿಲ್ಲ, ಮುಖ ಸಣ್ಣದೂ ಮಾಡಿಕೊಳ್ಳಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಆ ಬರೆದುಕೊಂಡದ್ದೇ ನನ್ನ ಹೊಟ್ಟೆಗೆ ಕಿಚ್ಚು ಹಚ್ಚಿದ್ದು.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದೆ. ದೋಷವೇನೂ ಅಲ್ಲ. ಸುರುಳಿ ಗ್ಯಾಲಕ್ಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ನಡುವೆ ಇಂಥ ನಕ್ಷತ್ರಗಳ ಕೋಲು ಇರುತ್ತದಂತೆ. ನಮ್ಮ ಆಕಾಶಗಂಗೆಗೂ ಇದೆಯಂತೆ. ಅಂದರೆ ನಾನು ಇಷ್ಟು ವರ್ಷ ಮಕ್ಕಳಿಗೆ ನಮ್ಮದೇ ಮನೆಯ ನಡುವಿನ ತೊಲೆ ಇಲ್ಲವೆಂದು ಹೇಳಿಕೊಂಡು ಬಂದಿದ್ದೆ. ಯಜಮಾನರು ಚಹಾ ತಂದಿಟ್ಟು ಏನೆಂದು ಕೇಳಿದರು. ಹೇಳಿದೆ.

"ಹುಡುಗಿ ಶಾಣ್ಯಾ ಇದ್ದಾಳ ಬಿಡು. ಒಂದು ಫೋನ್ ಮಾಡಿ ಹೇಳು, ನೀ ಕೇಳಿದ್ದು ಖರೆ ಅದ ಅಂತ."

"ಹೇಳ್ತೀನಿ" ಅಂದೆ. ಹೇಳಲಿಲ್ಲ.

ಅದರ ಬದಲು ಓದತೊಡಗಿದೆ. ಈಗ ಯೋಚಿಸಿದರೆ ಅದು ತಿಳಿದುಕೊಳ್ಳಲು ಓದಿದ ಓದಲ್ಲ, ಆಕೆಗಿಂತ ಮುಂದಿರಲು ಓದಿದ್ದು. ಹಾಗೆ ಓದುವಾಗ ಸಾಲು ಸಾಲು ಹಾರಿಹೋಗುತ್ತದೆ. ಕೋಲು ಒಂದೇ ವೇಗದಲ್ಲಿ ಇಡಿಯಾಗಿ ತಿರುಗುತ್ತದೆ ಎಂಬ ಮಾತು ಸಿಕ್ಕಿತು. ಗಾಣದ ನೊಗದ ಹಾಗೆ ಎಂದು ಮನಸ್ಸಿನಲ್ಲಿ ಚಿತ್ರ ಮಾಡಿಕೊಂಡೆ. ಮುಂದಿನ ಪುಟ ಓದಲಿಲ್ಲ.

ತರಬೇತಿಯಲ್ಲಿ ನನ್ನ ನಂಬರು ಎಲ್ಲರಿಗೂ ಕೊಟ್ಟಿದ್ದರು. ತಿಂಗಳೊಳಗೆ ಆಕೆಯ ಸಂದೇಶಗಳು ಶುರುವಾದವು. ಒಂದರಲ್ಲೂ ಚುಚ್ಚುಮಾತಿಲ್ಲ. "ಅಕ್ಕೋರೇ, ಆ ಕೋಲು ದೋಷ ಅಲ್ಲ ಅಂತ ಓದಿದೆ. ನೀವು ನೋಡಿ ಹೇಳುವಿರಾ?" ಎಂದು ಮೊದಲನೆಯದು. ಆಮೇಲೆ ಒಂದೊಂದಾಗಿ. ಕೋಲಿನ ಒಳಗೆ ನಕ್ಷತ್ರಗಳು ದುಂಡಗೆ ತಿರುಗುವುದಿಲ್ಲ, ಉದ್ದನೆಯ ಮೊಟ್ಟೆಯಾಕಾರದ ದಾರಿಯಲ್ಲಿ ಹೋಗಿ ಬರುತ್ತವೆ. ನಕ್ಷತ್ರಗಳು ಒಂದಕ್ಕೊಂದು ತಾಗದೆ ದಾಟಿಹೋಗುತ್ತವೆ, ಆದರೆ ಅನಿಲಕ್ಕೆ ಹಾಗೆ ಆಗುವುದಿಲ್ಲ. ಅದು ಕೋಲಿನ ಮುಂದಂಚಿನಲ್ಲಿ ಡಿಕ್ಕಿ ಹೊಡೆದು, ತಿರುಗುವ ಕಸುವು ಕಳೆದುಕೊಂಡು ನಡುವಿಗೆ ಜಾರುತ್ತದೆ. ಅಲ್ಲಿ ಕೂಡಿಬಿದ್ದು ಹೊಸ ನಕ್ಷತ್ರಗಳ ಒಂದು ಬಳೆ ಕಟ್ಟಿಕೊಳ್ಳುತ್ತದೆ.

ಅನಿಲದ ವಿಷಯ ನನಗೆ ಮೊದಲು ಗೊತ್ತಾದದ್ದೇ ಆಕೆಯ ಸಂದೇಶದಿಂದ. ಎರಡು ದಿನ ಬಿಟ್ಟು, "ಹೌದು. ಇದು ಎಲ್ಲರಿಗೂ ತಿಳಿದಿರುವ ವಿಷಯ" ಎಂದು ಉತ್ತರ ಬರೆದೆ. ಆಕೆ ಕೈಮುಗಿದ ಚಿತ್ರ ಕಳಿಸಿದಳು. ಅದನ್ನು ನೋಡಿ ಇನ್ನಷ್ಟು ಉರಿಯಿತು.

ಜನವರಿಯ ಒಂದು ಶನಿವಾರ ಮಧ್ಯಾಹ್ನ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಅರ್ಧ ನಿಮಿಷದ್ದು. ಮಾನ್ವಿಯ ಶಾಲೆಯ ಮಾಳಿಗೆಯ ಮೇಲಿಂದ ತೆಗೆದದ್ದು. ಕೆಳಗೆ ಮೈದಾನದಲ್ಲಿ ನೂರಕ್ಕೂ ಹೆಚ್ಚು ಹುಡುಗಿಯರು ನಡೆಯುತ್ತಿದ್ದರು. ಬಿಳಿ ದುಪಟ್ಟಾಗಳು. ನಡುವೆ ಒಂದು ದಪ್ಪ ಬಿಳಿ ಕೋಲು, ನಿಧಾನಕ್ಕೆ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗುತ್ತಿತ್ತು. ಅದರ ಎರಡು ತುದಿಯಿಂದ ಹುಡುಗಿಯರ ಎರಡು ತೋಳು ಬಾಗಿ ಹಿಂದೆ ಉಳಿಯುತ್ತಿದ್ದವು. ದೂರದಿಂದ ತೆಗೆದದ್ದರಿಂದ ಯಾರು ಎಲ್ಲಿ ಹೋಗುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ಆದರೆ ಅದು ಗ್ಯಾಲಕ್ಸಿ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ಗುಂಪಿನಲ್ಲಿ ಹೊಗಳಿಕೆ ಸುರಿಯಿತು. ತರಬೇತಿಯ ಹೊಣೆ ಹೊತ್ತ ಅಧಿಕಾರಿ, "ಇದನ್ನು ರಾಯಚೂರಿನಲ್ಲಿ ಎಲ್ಲರ ಮುಂದೆ ಮಾಡಿಸೋಣ" ಎಂದು ಬರೆದರು. ನನ್ನ ಅವಧಿಯಲ್ಲಿ ಮಾಡಿಸೋಣ ಎಂದೂ ಬರೆದರು. ಊಟದ ಮುಂಚಿನ ಆ ಅವಧಿ.

ನಾನು ಆ ವಿಡಿಯೋ ಎಷ್ಟು ಸಲ ನೋಡಿದೆನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದೇ ನೋಡಿದೆ. ಆಮೇಲೆ ಇನ್ನೊಂದು ಯೋಚನೆ ಮೆಲ್ಲಗೆ ಬಂತು. ಮಕ್ಕಳನ್ನು ಮೈದಾನದಲ್ಲಿ ಗ್ರಹಗಳ ಹಾಗೆ ಸುತ್ತು ಹಾಕಿಸುವುದು ನಾನು ಎಷ್ಟೋ ವರ್ಷದಿಂದ ಮಾಡಿಸಿದ್ದೆ. ಹಾಗಾದರೆ ಇದು ನನ್ನದೇ ಅಲ್ಲವೇ? ಹೊಟ್ಟೆಕಿಚ್ಚಿಗೆ ಇಂಥ ವಾದಗಳು ಬೇಗ ಸಿಗುತ್ತವೆ.

ಸೋಮವಾರ ಅಧಿಕಾರಿಗೆ ಫೋನ್ ಮಾಡಿದೆ.

"ಸರ್, ಅದು ನಂದೇ ಹಳೇ ಪ್ರಯೋಗ. ಆಕಿ ನನ್ನ ತರಬೇತಿಗೆ ಬಂದಿದ್ಲು. ನಮ್ಮ ಸಾಲಿ ಮಕ್ಕಳು ಇನ್ನೂ ಛಂದ ಮಾಡ್ತಾವ."

ಅವರು, "ಹಂಗಾದ್ರ ಬರೋ ಶುಕ್ರವಾರ ದೇವದುರ್ಗಕ್ಕ ಬರ್ತೀನ್ರಿ ಮೇಡಂ. ಮಾಡಿ ತೋರಸ್ರಿ" ಅಂದರು.

ಈಗ ಒಂದು ತೊಂದರೆ. ಆಕೆ ಮಾಡಿಸಿದ್ದು ಹೇಗೆಂದು ನನಗೆ ಗೊತ್ತಿರಲಿಲ್ಲ. ವಿಡಿಯೋದಲ್ಲಿ ಕೋಲು ಇಡಿಯಾಗಿ ತಿರುಗುತ್ತಿತ್ತು. ಏನನ್ನೋ ಹಿಡಿದಿದ್ದಾರೆ, ಹಗ್ಗವೋ ಗಳವೋ, ಎಂದುಕೊಂಡೆ. ಬುಧವಾರ ಧೈರ್ಯ ಮಾಡಿ ಆಕೆಗೇ ಫೋನ್ ಮಾಡಿದೆ. ವಿಡಿಯೋ ಚೆನ್ನಾಗಿದೆ ಎಂದು ಒಂದು ಮಾತು ಹೇಳಿ, ತೀರಾ ಸಹಜವೆಂಬಂತೆ ಕೇಳಿದೆ.

"ಎಷ್ಟು ಉದ್ದಂದು ಗಳ ಹಿಡಿಸಿದ್ದೆವ್ವಾ?"

ಆಕೆಯ ಹಿಂದೆ ಯಾವುದೋ ಮೋಟಾರು ಗುಂಯ್ ಎನ್ನುತ್ತಿತ್ತು. ಆಮೇಲೆ ಆಕೆ, "ನಿಮ್ಮ ಮೈದಾನ ನೋಡ್ಕೊಂಡು ಮಾಡ್ರಿ ಅಕ್ಕೋರ" ಅಂದಳು. ಫೋನ್ ಇಟ್ಟೆ. ಹೇಳಲು ಮನಸ್ಸಿಲ್ಲ ಇವಳಿಗೆ, ಗುಟ್ಟು ಮಾಡುತ್ತಾಳೆ ಎಂದು ಬೈದುಕೊಂಡೆ.

ಶುಕ್ರವಾರ ಪೆಂಡಾಲಿನವರಿಂದ ಎರಡು ಉದ್ದನೆಯ ಬಿದಿರು ಗಳ ತರಿಸಿ, ತುದಿಗೆ ತುದಿ ಸೇರಿಸಿ ಕಟ್ಟಿಸಿದೆ. ಮೈದಾನದ ನಡುವೆ ಒಬ್ಬ ಗಟ್ಟಿಮುಟ್ಟಾದ ಹುಡುಗಿಯನ್ನು ನಿಲ್ಲಿಸಿದೆ. ಗಳದ ಉದ್ದಕ್ಕೂ ಮೂವತ್ತು ಮಕ್ಕಳು ಎರಡೂ ಕೈಯಲ್ಲಿ ಹಿಡಿದು ನಿಂತರು. ತುದಿಯಿಂದ ಆಚೆ ಎರಡು ಸಾಲು ಒಬ್ಬರ ಕೈ ಒಬ್ಬರು ಹಿಡಿದು ಬಾಗಿ ನಿಂತರು. ನಿಂತಾಗ ನೋಡಲು ಚೆನ್ನಾಗಿಯೇ ಇತ್ತು. ಅಧಿಕಾರಿ ಮಾಳಿಗೆಯ ಮೇಲಿದ್ದರು. ನಾನು ಸೀಟಿ ಊದಿದೆ.

ನಡುವಿನ ಮಕ್ಕಳು ಹೆಜ್ಜೆ ಹಾಕುವಷ್ಟರಲ್ಲಿ ತುದಿಯ ಮಕ್ಕಳು ಓಡಬೇಕಾಯಿತು. ಗಾಣದ ಎತ್ತಿಗೂ ಗೊತ್ತಿರುವ ಸಂಗತಿ ಇದು. ತುದಿಯಾಚೆಯ ತೋಳುಗಳು ಓಡಲಾರದೆ ಕೈ ಬಿಟ್ಟು ಚದುರಿದವು. ಒಳಗಿನವರು ನಗುತ್ತಾ ಇನ್ನಷ್ಟು ಜೋರು ಮಾಡಿದರು. ನಾನು "ಸಾವಕಾಶ, ಸಾವಕಾಶ" ಎನ್ನುತ್ತಿದ್ದೆ, ಸೀಟಿ ಊದಿ ನಿಲ್ಲಿಸಲಿಲ್ಲ. ಮೇಲಿನಿಂದ ನೋಡುತ್ತಿದ್ದಾರೆ, ಇನ್ನೊಂದು ಸುತ್ತು ಆಗಲಿ ಎಂದು. ತುದಿಯಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿ ಮುಗ್ಗರಿಸಿದಳು. ಗಳ ಅವಳ ಕೈಯ ಮೇಲೆ ಹಾದುಹೋಯಿತು, ಹಿಂದಿನ ಇಬ್ಬರು ಅವಳ ಮೇಲೆ ಬಿದ್ದರು.

ಆ ಹುಡುಗಿ ಅಳಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದು ನನ್ನ ಕಡೆ ನಡೆದು ಬಂದಳು. "ಟೀಚರ್, ಕೈ ಸೊಟ್ಟ ಕಾಣಾಕತ್ತದ" ಅಂದಳು. ಅಷ್ಟು ಮೆಲ್ಲಗೆ ಹೇಳಿದ ಆ ಮಾತು ನನಗೆ ಇವತ್ತಿಗೂ ಕೇಳುತ್ತದೆ.

ಆಸ್ಪತ್ರೆಗೆ ಅಧಿಕಾರಿಯ ಜೀಪಿನಲ್ಲೇ ಹೋದೆವು. ಮಣಿಕಟ್ಟಿನ ಮೇಲೆ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕುವವರೆಗೂ ಅವಳ ತಾಯಿ ನನ್ನ ಮುಖ ನೋಡದೆ ಗೋಡೆ ನೋಡುತ್ತಾ ಕೂತಿದ್ದಳು. ಅಧಿಕಾರಿ ನನ್ನನ್ನು ವರಾಂಡಕ್ಕೆ ಕರೆದರು. ಬೈಯುತ್ತಾರೆ ಎಂದುಕೊಂಡಿದ್ದೆ.

"ಮೇಡಂ, ನಿಮ್ಮ ಫೋನ್ ಬಂದ ಮ್ಯಾಲ ನಾನು ಮಾನ್ವಿ ಟೀಚರ್‌ಗೆ ಕೇಳಿದ್ದೆ, ಇದು ಯಾರ್ದು ಅಂತ. ಆಕಿ, 'ಚುಕ್ಕಿ ಅಕ್ಕೋರ ಪಾಠದಿಂದನ ನನಗಿದು ಶುರುವಾತು' ಅಂದ್ಲು. ಅದಕ್ಕ ಇಲ್ಲಿಗೆ ಬಂದೆ. ಇಲ್ಲಾಂದ್ರ ಬರ್ತಿದ್ದಿಲ್ಲ."

ಬೈದಿದ್ದರೆ ಒಳ್ಳೆಯದಿತ್ತು. ನಾಚಿಕೆ ಆಗಬೇಕಾದ ಜಾಗದಲ್ಲಿ ನನಗೆ ಮೊದಲು ಬಂದದ್ದು ಮತ್ತೆ ಅದೇ. ದೊಡ್ಡ ಮನಸ್ಸು ಕೂಡ ಆಕೆಗೇ ಇರಬೇಕೇ ಎಂಬ ಹೊಟ್ಟೆಯುರಿ. ನಾಚಿಕೆ ಆಮೇಲೆ ಬಂತು, ರಾಯಚೂರಿನ ಬಸ್ಸಿನಲ್ಲಿ. ಪಕ್ಕದ ಹೆಂಗಸು "ಯಾಕ್ರೀ ಅಕ್ಕಾ, ಆರಾಮಿಲ್ಲೇನು?" ಎಂದು ಕೇಳುವವರೆಗೂ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಯಜಮಾನರಿಗೆ ಎಲ್ಲವನ್ನೂ ಹೇಳಿದೆ, ಫೋನಿನಲ್ಲಿ ಹೇಳಿದ ಸುಳ್ಳನ್ನೂ ಸೇರಿಸಿ.

"ಟರ್ಬೈನಿನ ದಂಡ ಗಟ್ಟಿ ಉಕ್ಕು, ಅದಕ್ಕ ಒಟ್ಟಿಗೇ ತಿರಗ್ತದ. ಚುಕ್ಕಿ ಗುಂಪಿಗೆ ಉಕ್ಕು ಎಲ್ಲಿಂದ ಬರಬೇಕು?" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ರವಿವಾರ ಮಾನ್ವಿಗೆ ಹೋಗಿ ಬಾ" ಅಂದರು.

ರವಿವಾರ ಹೋದೆ. ಮಾನ್ವಿಯಲ್ಲಿ ಆಕೆಯ ತಂದೆಯದು ಮೋಟಾರ್ ವೈಂಡಿಂಗ್ ಅಂಗಡಿ, ಮನೆ ಅದರ ಹಿಂದೆ. ಅಂಗಡಿಯಲ್ಲಿ ತಾಮ್ರದ ತಂತಿಯ ಸುರುಳಿಗಳ ನಡುವೆ ಕೂತಿದ್ದ ತಂದೆ ನನ್ನನ್ನು ನೋಡಿ ಎದ್ದು ನಿಂತು, "ಬರ್ರಿ ಬರ್ರಿ, ನಮ್ಮ ಮಗಳ ಅಕ್ಕೋರು" ಎಂದು ಕರೆದರು. ಆ ಮಾತು ಕೇಳಿ ಕಾಲಿಗೆ ಮುಳ್ಳು ಚುಚ್ಚಿದ ಹಾಗಾಯಿತು. ತಾಯಿ ಒಳಗಿನಿಂದ "ಕೌನ್ ಆಯೇ?" ಎಂದು, ಯಾರು ಬಂದದ್ದೆಂದು ಉರ್ದುವಿನಲ್ಲಿ ಕೇಳಿ, ನೀರು ತಂದುಕೊಟ್ಟರು. ಹುಡುಗಿ ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ಮುಚ್ಚಿ ಪಕ್ಕಕ್ಕಿಟ್ಟಳು.

ಸುತ್ತಿ ಬಳಸದೆ ಹೇಳಿದೆ. "ನಾ ಸಾಹೇಬರ ಮುಂದ ಸುಳ್ಳು ಹೇಳೀನಿ. ನಿನ್ನದನ್ನ ನಂದು ಅಂದೆ."

"ಗೊತ್ತದರೀ" ಅಂದಳು.

"ಗೊತ್ತಿದ್ದೂ ನನ್ನ ಹೆಸರು ಯಾಕ ಹೇಳಿದಿ?"

"ನಿಮ್ಮ ಪಾಠದಿಂದ ಶುರುವಾತು ಅಂದೆ. ಅದು ಸುಳ್ಳಲ್ಲ." ಆಕೆ ಉತ್ತರಪತ್ರಿಕೆಗಳ ಕಟ್ಟನ್ನು ನೆಟ್ಟಗೆ ಮಾಡುತ್ತಾ ಇದ್ದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು. "ಅಕ್ಕೋರ, ನಾನೂ ಒಂದು ಹೇಳಬೇಕು. ನೀವು ಗಳದ ಮಾತು ಕೇಳಿದಾಗನ ನನಗ ತಿಳೀತು, ನಿಮಗ ಇದು ತಿಳಿದಿಲ್ಲ ಅಂತ. ಗಳ ಇಲ್ಲರೀ, ಏನೂ ಹಿಡಿದಿಲ್ಲ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವತ್ತ ನೀವು ನಗಿಸಿದ್ರಲ್ಲ, ಎಲ್ಲಾರ ಮುಂದ. ಈಗ ನಿಮ್ಮನ್ನ ನೋಡಿ ಮಂದಿ ನಗಲಿ ಅನಿಸ್ತು. ಮಗು ಬೀಳ್ತದ ಅಂತ ನನಗ ಹೊಳೀಲೇ ಇಲ್ಲ."

ಅಂಗಡಿಯಲ್ಲಿ ತಂದೆ ಯಾವುದೋ ಮೋಟಾರು ಚಾಲೂ ಮಾಡಿ ನಿಲ್ಲಿಸಿದರು. ಒಂದು ಮಗುವಿನ ಕೈ ಮುರಿದದ್ದರಲ್ಲಿ ನನ್ನ ಪಾಲೆಷ್ಟು, ಅವಳ ಪಾಲೆಷ್ಟು ಎಂದು ತೂಗುವುದು ನಮ್ಮಿಬ್ಬರಿಗೂ ಬೇಕಿರಲಿಲ್ಲ. ದೊಡ್ಡ ಪಾಲು ನನ್ನದೇ. ಆದರೂ ನಿಜ ಹೇಳಬೇಕೆಂದರೆ, ಅವಳ ಮಾತು ಕೇಳಿ ನನ್ನ ಮನಸ್ಸು ಸ್ವಲ್ಪ ಹಗುರಾಯಿತು. ಆಕೆಯ ಹೊಟ್ಟೆಯಲ್ಲೂ ಕಿಚ್ಚಿತ್ತು. ಅಷ್ಟು ದಿನ ನಾನೊಬ್ಬಳೇ ಕೆಟ್ಟವಳು ಎಂದುಕೊಂಡಿದ್ದೆ.

"ಬರ್ರಿ, ತೋರಸ್ತೀನಿ" ಎಂದು ಆಕೆ ಎದ್ದಳು.

ಶಾಲೆ ಎರಡು ಓಣಿ ಆಚೆ. ರವಿವಾರದ ಖಾಲಿ ಮೈದಾನದಲ್ಲಿ ಹಳೆಯ ಗೆರೆಗಳು ಇನ್ನೂ ಇದ್ದವು. ಸುಣ್ಣದಲ್ಲಿ ಎಳೆದ ಮೊಟ್ಟೆಯಾಕಾರದ ದಾರಿಗಳು, ಒಂದರೊಳಗೆ ಒಂದು, ಎಲ್ಲದರ ಉದ್ದನೆಯ ಮೈ ಒಂದೇ ದಿಕ್ಕಿಗೆ. ಅವುಗಳ ಮೇಲೆ ಸ್ವಲ್ಪ ಓರೆಯಾಗಿ ಕೆಮ್ಮಣ್ಣಿನಲ್ಲಿ ಅಂಥವೇ ಇನ್ನೊಂದು ಗುಂಪು. ಅದಕ್ಕೂ ಓರೆಯಾಗಿ ಅರಿಸಿನ ಬಣ್ಣದ್ದು.

"ಪ್ರತಿಯೊಬ್ಬಾಕಿಗೂ ತನ್ನ ದಾರಿ ಮಾತ್ರ ಗೊತ್ತಿರ್ತದ. ತುದೀಗೆ ಬಂದಾಗ ಸಾವಕಾಶ ನಡೀಬೇಕು, ನಡುವಿನಾಗ ಬಿರ್ರನ ಹೋಗಬೇಕು. ನಾ ಸೀಟಿ ಊದಿದ್ರ ಬಿಳೀ ದಾರಿಯಿಂದ ಕೆಂಪು ದಾರೀಗೆ ಹೋಗಬೇಕು. ಇನ್ನೊಂದು ಊದಿದ್ರ ಹಳದೀಗೆ. ಅಷ್ಟ."

"ಕೋಲು ಯಾರು?"

"ಯಾರೂ ಅಲ್ಲರೀ. ಸಂಜಿಮುಂದ ಬಸ್ ಸ್ಟ್ಯಾಂಡಿನಾಗ ಬಸ್ಸಿನ ಬಾಗಿಲ ಮುಂದ ಗದ್ದಲ ಇರ್ತದಲ್ಲ, ಜನ ಹತ್ತಿ ಹೋಗ್ತಾರ, ಬ್ಯಾರೆ ಜನ ಬರ್ತಾರ, ಗದ್ದಲ ಅಲ್ಲೇ ಇರ್ತದ. ಹಂಗ."

ನಾನು ಚಪ್ಪಲಿ ಬಿಟ್ಟು ಒಂದು ಬಿಳಿ ದಾರಿಯಲ್ಲಿ ನಡೆದೆ. ತುದಿಗೆ ಬಂದು ನಿಧಾನ ಮಾಡಿದೆ, ತಿರುಗಿದೆ, ನಡುವಿನ ಕಡೆ ಬಿರುಸಾಗಿ ಬಂದೆ. ಆಕೆ ಇನ್ನೊಂದರಲ್ಲಿ ನಡೆದಳು. ಇಬ್ಬರಿಂದ ಏನೂ ಆಕಾರ ಬರುವುದಿಲ್ಲ, ಆದರೆ ಅರ್ಥವಾಯಿತು. ಎಲ್ಲರೂ ತುದಿಯಲ್ಲಿ ತಡೆದು ನಿಲ್ಲುವುದರಿಂದ, ಎಲ್ಲರ ದಾರಿಯೂ ಒಂದೇ ಕಡೆ ಚಾಚಿರುವುದರಿಂದ ಉದ್ದನೆಯ ದಟ್ಟಣೆ ಕಾಣುತ್ತದೆ. ಆ ದಟ್ಟಣೆ ತಿರುಗುವ ವೇಗ ಬೇರೆ, ಒಳಗಿನವರು ನಡೆಯುವ ವೇಗ ಬೇರೆ. ಹೊರಗಿನ ದುಂಡು ದಾರಿಯವರಿಗೆ ಒಂದೇ ನಿಯಮವಂತೆ: ಕೋಲಿನ ತುದಿ ನಿಮ್ಮ ಹತ್ತಿರ ಹಾದಾಗ ಅದರ ಕಡೆ ಎರಡು ಹೆಜ್ಜೆ ಎಳೆದುಕೊಳ್ಳಬೇಕು. ಅವರು ಕೋಲಿಗಿಂತ ನಿಧಾನ, ಹಾಗಾಗಿ ಹಿಂದೆ ಬೀಳುತ್ತಾರೆ. ಆ ಹಿಂದೆ ಬಿದ್ದವರೇ ತೋಳು.

"ಅನಿಲ ಹೆಂಗ ಮಾಡಿದಿ?"

"ಹನ್ನೆರಡು ಮಕ್ಕಳಿಗೆ ನೀಲಿ ರಿಬ್ಬನ್. ಬಿಳೀ ದುಪಟ್ಟಾದವರು ಹಾದ್ರ ದಾರಿ ಬಿಡಬೇಕು. ಆದ್ರ ನೀಲಿಗೆ ನೀಲಿ ಎದುರಾದ್ರ ಇಬ್ಬರೂ ನಿಂತು, ನಡುವಿನ ಕಡೆ ಒಳಗ ಹೋಗಿ ಕುಂದರಬೇಕು. ಹತ್ತು ನಿಮಿಷದಾಗ ನಡುವಿನಾಗ ನೀಲಿ ಬಳೆ ಆಗ್ತದ."

ಇದನ್ನು ಆಕೆ ಹೇಳಿದ ಸರಳತೆ ಕಂಡು ನನಗೆ ಮತ್ತೆ ಕಸಿವಿಸಿ. ಮೂವತ್ತು ವರ್ಷ ಕಲಿಸಿದ್ದೇನೆ, ಒಂದು ಸಲವಾದರೂ ನನ್ನ ತಲೆಯಲ್ಲಿ ಇಷ್ಟು ನಿಚ್ಚಳವಾದ ಒಂದು ವಿಚಾರ ಹುಟ್ಟಿದೆಯೇ? ಅದನ್ನು ಆಕೆಗೇ ಕೇಳಿಬಿಡಬೇಕೆನಿಸಿತು. ಕೇಳಲಿಲ್ಲ.

ಅದರ ಮರುದಿನವೇ ಅಧಿಕಾರಿಗೆ ಫೋನ್ ಮಾಡಿ ಸತ್ಯ ಹೇಳಿದೆ. ಅವರು "ಆಯ್ತ್ರಿ ಮೇಡಂ" ಎಂದಷ್ಟೇ ಹೇಳಿದರು. ಕೈ ಮುರಿದ ಹುಡುಗಿಯ ಮನೆಗೆ ನಾವಿಬ್ಬರೂ ಸೇರಿ ಹೋದೆವು. ಆಕೆ ಮಾನ್ವಿಯಿಂದ ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗಕ್ಕೆ ಬಂದಿದ್ದಳು. ಪ್ಲಾಸ್ಟರಿನ ಮೇಲೆ ಗೆಳತಿಯರು ಪೆನ್ನಿನಿಂದ ಹೂ ಬಿಡಿಸಿದ್ದರು. ಹುಡುಗಿ ಕೇಳಿದ್ದು ಒಂದೇ ಮಾತು.

"ಟೀಚರ್, ರಾಯಚೂರಿನಾಗ ಮಾಡೋವಾಗ ನನ್ನೂ ಕರಕೊಂಡು ಹೋಗ್ತೀರೇನ್ರಿ?"

ಅವಳ ತಾಯಿ ಒಲೆಯ ಮುಂದಿನಿಂದಲೇ, "ಬ್ಯಾಡ್ರಿ. ಸಾಕು" ಅಂದಳು. ನಾನು ಒತ್ತಾಯ ಮಾಡಲಿಲ್ಲ. ಮಾಡುವ ಹಕ್ಕು ನನಗೆ ಉಳಿದಿರಲಿಲ್ಲ. ಹುಡುಗಿಯ ಕೈ ಕೂಡಿತು. ಈಗ ಕಾಲೇಜಿಗೆ ಹೋಗುತ್ತಾಳೆ. ಬಸ್ಸಿನಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ, ತಾಯಿ ಮಾತಾಡಿಸುವುದಿಲ್ಲ.

ರಾಯಚೂರಿನ ಪ್ರದರ್ಶನ ಫೆಬ್ರವರಿಯಲ್ಲಿ ನಡೆಯಿತು. ಬಿಸಿಲು ಅಷ್ಟು ಹೊತ್ತಿಗೇ ಏರಿತ್ತು. ಕೆಳಗೆ ಮೈದಾನದಲ್ಲಿ ಆಕೆ, ಮಾನ್ವಿಯ ಮಕ್ಕಳು, ದೇವದುರ್ಗದಿಂದ ಬಂದ ನನ್ನ ಕೆಲವು ಮಕ್ಕಳು. ಮಾಳಿಗೆಯ ಮೇಲೆ ಜಿಲ್ಲೆಯ ಶಿಕ್ಷಕರು, ಮೈಕ್ ಹಿಡಿದು ನಾನು. ಕಾಣುವುದನ್ನು ವಿವರಿಸುವ ಕೆಲಸ ನನಗೆ ಕೊಡಬೇಕೆಂದು ಆಕೆಯೇ ಹೇಳಿದ್ದಳಂತೆ. "ಮ್ಯಾಲಿನಿಂದ ನೋಡಿದವರಿಗೇ ಕಾಣ್ತದರೀ, ಕೆಳಗ ನಿಂತ ನನಗ ವಿಡಿಯೋದಾಗ ಬಿಟ್ರ ಒಂದ್ಸಲಾನೂ ಕಂಡಿಲ್ಲ" ಎಂದು ಆಕೆ ಹೇಳಿದಾಗ ನನಗೆ ಆಶ್ಚರ್ಯವಾಗಿತ್ತು.

ಸೀಟಿ ಊದಿದಳು. ಮೊದಲ ಒಂದೆರಡು ನಿಮಿಷ ಬರೀ ಗೊಂದಲ, ಜಾತ್ರೆಯಿಂದ ಚದುರಿದ ಜನರ ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಎರಡನೆಯ ಸೀಟಿ. ಮೂರನೆಯದು. ಆಗ ಕೋಲು ಮೂಡಿತು. ಯಾರೂ ಹಿಡಿಯದೆ, ಹಗ್ಗವಿಲ್ಲದೆ, ನಡುವೆ ದಪ್ಪನೆಯ ಬಿಳಿ ಪಟ್ಟಿ ಕೂಡಿಕೊಂಡು ಮೆಲ್ಲಗೆ ಹೊರಳಿತು. ಅದರೊಳಗೆ ಹುಡುಗಿಯರು ಬರುತ್ತಿದ್ದರು, ಹೋಗುತ್ತಿದ್ದರು. ನನ್ನ ಶಾಲೆಯ ಒಬ್ಬಳ ಜಡೆಯ ಹಳದಿ ಹೂವನ್ನು ಗುರುತಿಟ್ಟು ನೋಡಿದೆ. ಅವಳು ತುದಿಯಲ್ಲಿ ತಡೆದು, ತಿರುಗಿ, ನಡುವನ್ನು ದಾಟಿ ಆ ತುದಿಗೆ ಹೋದಳು. ಕೋಲು ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಹೊರಗೆ ತೋಳುಗಳು ಬಾಗಿದವು. ನಡುವೆ ನೀಲಿ ರಿಬ್ಬನ್ನಿನವರು ಒಬ್ಬೊಬ್ಬರಾಗಿ ಬಂದು ದುಂಡಗೆ ಕೂತರು.

ನಾನು ಮಾತಾಡುವುದನ್ನು ಮರೆತಿದ್ದೆ. ಪಕ್ಕದವರು ಮೊಣಕೈ ತಟ್ಟಿದ ಮೇಲೆ ಮೈಕ್ ಬಾಯಿಗೆ ಹಿಡಿದೆ. ಮೊದಲ ಮಾತಾಗಿ, ಹೋದ ವರ್ಷ ಇದೇ ಅವಧಿಯಲ್ಲಿ ಒಬ್ಬ ಟೀಚರ್ ಈ ಕೋಲಿನ ಬಗ್ಗೆ ಕೇಳಿದ್ದರು, ನಾನು ತಪ್ಪು ಉತ್ತರ ಕೊಟ್ಟಿದ್ದೆ, ಅವರು ಕೇಳಿದ್ದು ಸರಿಯಿತ್ತು ಎಂದೆ. ಕೆಲವರು ಚಪ್ಪಾಳೆ ತಟ್ಟಿದರು. ನನ್ನ ಪ್ರಾಮಾಣಿಕತೆಗೆ ತಟ್ಟಿದರೋ, ಆಕೆಯ ಪ್ರಶ್ನೆಗೋ ಎಂದು ಆ ಹೊತ್ತಿನಲ್ಲೂ ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು.

ಮುಗಿದ ಮೇಲೆ ಎಲ್ಲರೂ ಕೆಳಗಿಳಿದು ಆಕೆಯನ್ನು ಮುತ್ತಿಕೊಂಡರು. ಲಿಂಗಸೂಗೂರಿನ ಒಬ್ಬ ಹಿರಿಯ ಮಾಸ್ತರರು ಮಾತ್ರ ನನ್ನ ಹತ್ತಿರ ಬಂದರು.

"ನಿಮ್ಮ ಶಿಷ್ಯೇನ್ರಿ ಆಕಿ?"

ಹೌದು ಎನ್ನಲು ನಾಲಿಗೆ ತುದಿಗೆ ಬಂದಿತ್ತು. "ಇಲ್ರೀ. ಮಾನ್ವಿಯಾಕಿ. ಇಬ್ಬರೂ ಕೂಡಿ ಮಾಡಿಸಿದ್ವಿ" ಅಂದೆ. ಅಷ್ಟು ಕೂಡ ನನ್ನ ಪಾಲಿಗಿಂತ ಹೆಚ್ಚೇ ಆಯಿತು ಎಂದು ಆಮೇಲೆ ಅನಿಸಿತು.

ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ಸ್ಟೇಷನ್ ರಸ್ತೆಯ ಒಂದು ಖಾನಾವಳಿಯಲ್ಲಿ ಇಬ್ಬರೂ ಮಂಡಕ್ಕಿಯ ಮಂಡಾಳ ಒಗ್ಗರಣಿ, ಮಿರ್ಚಿ ಬಜ್ಜಿ ಹಾಕಿಸಿಕೊಂಡು ಕೂತೆವು. ಆಕೆಯ ಗಂಟಲು ಸೀಟಿ ಊದಿ, ಕೂಗಿ ಕಟ್ಟಿಹೋಗಿತ್ತು. ಆದರೂ ಸುಮ್ಮನಿರುವವಳಲ್ಲ.

"ಅಕ್ಕೋರ, ಒಂದು ಮಾತ್ರ ನನಗ ಬಗಿಹರಿದಿಲ್ಲ. ಕೋಲು ಕಾಲ ಹೋದಂಗ ಉದ್ದ ಆಗ್ತದ, ತಿರಗೋದು ಸಾವಕಾಶ ಆಗ್ತದ ಅಂತ ಓದೀನಿ. ಸಾವಕಾಶ ಆಗಬೇಕಂದ್ರ ಅದರ ತಿರುಗೋ ಕಸುವು ಬ್ಯಾರೆ ಯಾರಿಗಾರ ಹೋಗಬೇಕಲ್ಲ. ಯಾರು ತಗೋತಾರ?"

ಅದು ನನಗೆ ಗೊತ್ತಿತ್ತು. ಮಾನ್ವಿಯಿಂದ ಬಂದ ಮೇಲೆ ಬಿಟ್ಟುಹೋದ ಪುಟಗಳನ್ನೆಲ್ಲ ಕೂತು ಓದಿದ್ದೆ. ಆ ಕಸುವಿನಲ್ಲಿ ಸ್ವಲ್ಪ ಗ್ಯಾಲಕ್ಸಿಯ ತೋಳುಗಳಿರುವ ಹೊರಗಿನ ತಟ್ಟೆಗೆ ಹೋಗುತ್ತದೆ, ಬಹಳಷ್ಟು ಗ್ಯಾಲಕ್ಸಿಯನ್ನು ಸುತ್ತುವರಿದಿರುವ ಕಣ್ಣಿಗೆ ಕಾಣದ ಕಪ್ಪು ದ್ರವ್ಯಕ್ಕೆ. ಅದು ಕೋಲಿನ ಹಿಂದಿನಿಂದ ಎಳೆಯುತ್ತಾ ಎಳೆಯುತ್ತಾ ಅದರ ಓಟವನ್ನು ತಾನು ತೆಗೆದುಕೊಳ್ಳುತ್ತದೆ. ಆಕೆಗೆ ಗೊತ್ತಿಲ್ಲದ್ದು ನನಗೆ ಗೊತ್ತಿದ್ದದ್ದು ಆ ವರ್ಷದಲ್ಲಿ ಅದೊಂದೇ.

ಹೇಳಿದೆ. ಆದರೆ ಕೈಯಲ್ಲಿದ್ದ ಮಿರ್ಚಿಯನ್ನು ಪೂರ್ತಿ ತಿಂದು, ನೀರು ಕುಡಿದು, ಆಕೆ ಇನ್ನೊಮ್ಮೆ "ಹೇಳ್ರೀ ಅಕ್ಕೋರ" ಅಂದ ಮೇಲೆ.